ದೇವರ ಮೇಲೆ ಭಾರ ಹಾಕಿದ ಮೇಲೂ ಮನುಷ್ಯರ ಹೆಗಲು ಬೇಕೇ?

ಪ್ರಶ್ನೆ: ಅಯ್ಯನವರೇ, ಕರ್ತನ ನಾಮದಲ್ಲಿ ವಂದನೆಗಳು. ನಾವು ಸಿದ್ದಾಪುರದ ಹತ್ತಿರದವರು. ನನಗೆ 41 ವರ್ಷ. ಯಜಮಾನರು ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತದೆ. ಮನೆಯಲ್ಲಿ ವಯಸ್ಸಾದ ಅತ್ತೆ, ಪಿಯುಸಿ ಓದುವ ಮಗಳು. ಒಂದೂವರೆ ಎಕರೆ ರೊಬಸ್ಟಾ ಕಾಫಿ ಇದೆ, ನಾನು ಬಟ್ಟೆ ಹೊಲಿಯುತ್ತೇನೆ. ಸಂಘದ ಸಾಲ, ಸೊಸೈಟಿ ಸಾಲ ಎರಡೂ ಇದೆ. ಕಳೆದ ವರ್ಷ ನಮ್ಮ ಪ್ರಾರ್ಥನಾ ಕೂಟದ ಒಬ್ಬ ಅಕ್ಕನ ಹತ್ತಿರ ಸಾಲದ ವಿಷಯ ಹೇಳಿ ಅತ್ತೆ. ಮುಂದಿನ ಕೂಟದಲ್ಲಿ ಅವರು ಎಲ್ಲರೆದುರು ನನ್ನ ಹೆಸರು ಹೇಳಿ, ಸಾಲದಿಂದ ಬಿಡುಗಡೆಗಾಗಿ ಪ್ರಾರ್ಥಿಸೋಣ ಎಂದರು. ಎರಡೇ ದಿನದಲ್ಲಿ ಅಂಗಡಿಯವರೂ ಕೇಳಿದರು. ಅಂದಿನಿಂದ ಯಾರಿಗೂ ಏನೂ ಹೇಳುವುದಿಲ್ಲ. ಮನುಷ್ಯರನ್ನು ನಂಬುವವನು ಶಾಪಗ್ರಸ್ತ ಎಂದು ಯೆರೆಮೀಯನ ಪುಸ್ತಕದಲ್ಲಿದೆ, ಭಾರವನ್ನು ಕರ್ತನ ಮೇಲೆ ಹಾಕು ಎಂದು ಕೀರ್ತನೆಯಲ್ಲಿದೆ. ಹಾಗೇ ಮಾಡುತ್ತಿದ್ದೇನೆ. ಆದರೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಕಾಫಿ ಕಣದಲ್ಲಿ ಒಬ್ಬಳೇ ಕೂತು ಅಳುತ್ತೇನೆ. ಎರಡು ತಿಂಗಳಿಂದ ನಿದ್ದೆ ಸರಿಯಿಲ್ಲ. ಬೆಳಗಾಗದಿದ್ದರೇ ಸಾಕು ಅನ್ನಿಸುವುದೂ ಇದೆ. ಪಕ್ಕದ ಮನೆಯ ಅಕ್ಕ ಬೇಲಿ ಹತ್ತಿರ ಬಂದು ‘ಏನಾದ್ರೂ ಬೇಕಾ?’ ಎಂದು ಕೇಳುತ್ತಾರೆ. ಅವರು ನಮ್ಮ ಸಭೆಯವರಲ್ಲ. ನಾನು ‘ಏನೂ ಬೇಡ ಅಕ್ಕ, ದೇವರಿದ್ದಾನೆ’ ಅನ್ನುತ್ತೇನೆ. ಯಾರದಾದರೂ ಹೆಗಲು ಬೇಕು ಅನ್ನಿಸುವುದು ನನ್ನ ನಂಬಿಕೆಯ ಕೊರತೆಯೇ?

ಉತ್ತರ: ತಂಗಿ, ಅಲ್ಲ. ಇದು ನಂಬಿಕೆಯ ಕೊರತೆ ಅಲ್ಲ. ಉಳಿದದ್ದನ್ನು ಆಮೇಲೆ ಓದಿದರೂ ಆಗುತ್ತದೆ, ಈ ಮಾತು ಮಾತ್ರ ಮೊದಲು ಮನಸ್ಸಿನಲ್ಲಿ ಇರಲಿ.

ಇನ್ನೊಂದು ಮಾತನ್ನೂ ಈಗಲೇ ಹೇಳಬೇಕು. ಬೆಳಗಾಗದಿದ್ದರೇ ಸಾಕು ಎಂದು ಬರೆದಿದ್ದೀರಿ. ಎರಡು ತಿಂಗಳಿಂದ ನಿದ್ದೆ ಇಲ್ಲ ಎಂದಿದ್ದೀರಿ. ಇದನ್ನು ಬರೀ ಆತ್ಮಿಕ ಸೋಲು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ದೇಹ, ಮನಸ್ಸು ಎರಡೂ ದಣಿದು ಕೂತಿವೆ. 14416 ಎಂಬ ನಂಬರಿಗೆ ಫೋನ್ ಮಾಡಿ, ಅದು ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ. ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕಣದಲ್ಲಿ ಕೂತಿರುವ ಆ ಹೊತ್ತಿನಲ್ಲೇ ಮಾಡಬಹುದು. ಆಮೇಲೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಒಮ್ಮೆ ಕಾಣಿ. ಸಾಯಬೇಕು ಅನ್ನುವ ಯೋಚನೆ ಬಲವಾಗಿ ಬಂದ ದಿನ ಮಾತ್ರ ಒಬ್ಬರೇ ಇರಬೇಡಿ. ಯಾರನ್ನಾದರೂ ಎಬ್ಬಿಸಿ.

ಪ್ರವಾದಿ ಎಲೀಯನೂ ಹೀಗೇ ಒಂದು ದಿನ ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಎಂದ. ಮೊದಲನೆಯ ಅರಸುಗಳ ಪುಸ್ತಕದ 19ನೇ ಅಧ್ಯಾಯ ತೆಗೆದು ನೋಡಿ. ಅವನಿಗೆ ದೇವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟ. ದೂತನನ್ನು ಕಳಿಸಿ ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ತಿನ್ನಿಸಿದ. ಮಾತು ಬಂದದ್ದು ಅದೆಲ್ಲ ಆದ ಎಷ್ಟೋ ದಿನದ ಮೇಲೆ. ಅದೇ ಅಧ್ಯಾಯದ ಕೊನೆಯಲ್ಲಿ ಅವನಿಗೆ ಎಲೀಷನೆಂಬ ಜೊತೆಗಾರನೂ ಸಿಗುತ್ತಾನೆ.

ಈಗ ನೀವು ಬರೆದ ಎರಡು ವಚನಗಳಿಗೆ ಬರುತ್ತೇನೆ. ನಿಮ್ಮನ್ನು ಕಟ್ಟಿ ಹಾಕಿರುವುದು ಅವೇ ಅಲ್ವಾ?

ಯೆರೆಮೀಯನ ಆ ಮಾತು 17ನೇ ಅಧ್ಯಾಯದ 5ನೇ ವಚನದಲ್ಲಿದೆ. ಅದನ್ನು ನಮ್ಮಲ್ಲಿ ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಪೂರ್ತಿ ಓದಿದರೆ, ಮನುಷ್ಯಬಲವನ್ನೇ ತೋಳು ಮಾಡಿಕೊಂಡು, ಹೃದಯವನ್ನು ಕರ್ತನಿಂದ ತಿರುಗಿಸಿದವನು ಎಂದಿದೆ. ಆ ಕಾಲದಲ್ಲಿ ಯೆಹೂದದ ಅರಸರು ದೇವರ ಮಾತು ಬಿಟ್ಟು ಐಗುಪ್ತದ ಸೈನ್ಯ ಬಂದು ಕಾಪಾಡುತ್ತದೆ ಎಂದು ಕಾಯುತ್ತಿದ್ದರು. ಯೆರೆಮೀಯ ಎಚ್ಚರಿಸಿದ್ದು ಅಂಥ ನಂಬಿಕೆಯನ್ನು. ಗಂಡನನ್ನು ಎತ್ತಿ ಕೂರಿಸಲು ಪಕ್ಕದ ಮನೆಯವರ ಕೈ ಕೇಳುವ ಹೆಂಗಸನ್ನಲ್ಲ.

ಆ ಮಾತು ಹೇಳಿದ ಯೆರೆಮೀಯನ ಬಾಳಿನಲ್ಲಿ ಮುಂದೆ ಏನಾಯಿತು ಗೊತ್ತೇ? 38ನೇ ಅಧ್ಯಾಯದಲ್ಲಿ ಅಧಿಕಾರಿಗಳು ಅವನನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿ ಬಿಟ್ಟರು. ಬಾವಿಯಲ್ಲಿ ನೀರಿರಲಿಲ್ಲ, ಬರೀ ಕೆಸರು. ಅವನು ಕೆಸರಿನಲ್ಲಿ ಹೂತುಹೋದ. ನಮ್ಮ ಗದ್ದೆಯ ಕೆಸರಿನಲ್ಲಿ ಕಾಲು ಸಿಕ್ಕಿಕೊಂಡವರಿಗೆ ಗೊತ್ತು, ಒದ್ದಾಡಿದಷ್ಟೂ ಅದು ಒಳಗೇ ಎಳೆಯುತ್ತದೆ. ಅರಮನೆಯಲ್ಲಿ ಎಬೆದ್ಮೆಲೆಕ ಎಂಬ ಕೂಷ್ಯನಿದ್ದ. ಹೊರ ದೇಶದವನು, ಅರಸನ ಸೇವಕ. ಅವನು ಹೋಗಿ ಚಿದ್ಕೀಯ ಅರಸನ ಹತ್ತಿರ ಮಾತಾಡಿ, 30 ಜನರನ್ನು ಕರೆದುಕೊಂಡು ಬಂದ. ಬರುವಾಗ ಉಗ್ರಾಣಕ್ಕೆ ಹೋಗಿ ಹಳೇ ಹರಕು ಬಟ್ಟೆಗಳನ್ನು ಹುಡುಕಿ ತಂದ. ಅವನ್ನು ಹಗ್ಗದಲ್ಲಿ ಕೆಳಗೆ ಇಳಿಸಿ, ‘ಇವನ್ನು ಕಂಕುಳ ಕೆಳಗೆ ಇಟ್ಟುಕೊಂಡು ಆಮೇಲೆ ಹಗ್ಗ ಹಾಕಿಕೋ’ ಎಂದ.

ಇಷ್ಟು ವರ್ಷ ಓದಿಯೂ ಆ ಹರಕು ಬಟ್ಟೆ ನನ್ನನ್ನು ಬಿಟ್ಟಿಲ್ಲ. ಅವಸರದಲ್ಲಿ ಹಗ್ಗ ಬಿಟ್ಟು ಎಳೆದಿದ್ದರೂ ಯೆರೆಮೀಯ ಮೇಲೆ ಬರುತ್ತಿದ್ದ. ಕಂಕುಳು ಕೊಯ್ದುಹೋಗುತ್ತಿತ್ತು, ಅಷ್ಟೇ. ಹಗ್ಗ ಎಲ್ಲಿ ಒತ್ತುತ್ತದೆ ಎಂದು ಈ ಮನುಷ್ಯ ಮೊದಲೇ ಯೋಚಿಸಿದ್ದ. ಯೆರೆಮೀಯನಾದರೂ ‘ಬೇಡಪ್ಪಾ, ನಾನೇ ಹೇಳಿದ್ದೇನೆ ಮನುಷ್ಯರನ್ನು ನಂಬಬಾರದು ಅಂತ, ದೇವರೇ ಎತ್ತಲಿ’ ಎನ್ನಲಿಲ್ಲ. ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡ. ಎತ್ತಿದರು, ಬಂದ.

ಮುಂದಿನ ಅಧ್ಯಾಯದ ಕೊನೆಗೆ ದೇವರು ಎಬೆದ್ಮೆಲೆಕನಿಗೆ ಒಂದು ಮಾತು ಹೇಳಿ ಕಳಿಸುತ್ತಾನೆ: ನಿನ್ನ ಪ್ರಾಣ ಉಳಿಸುತ್ತೇನೆ, ನೀನು ನನ್ನಲ್ಲಿ ಭರವಸೆ ಇಟ್ಟಿದ್ದಿ. ಅವನು ಮಾಡಿದ್ದು ಹಗ್ಗ ಹಿಡಿಯುವ ಕೆಲಸ. ದೇವರು ಅದನ್ನು ತನ್ನಲ್ಲಿಟ್ಟ ಭರವಸೆ ಎಂದೇ ಲೆಕ್ಕ ಹಿಡಿದ. ನಿಮ್ಮ ನೆರೆಯವರಿಗೆ ನೀವು ‘ಬೇಡ’ ಅಂದಾಗ ಅವರ ಕೈಯಲ್ಲೂ ಅಂಥ ಒಂದು ಹಗ್ಗ ಇದ್ದಿರಬಹುದು. ಬೇಸರ ಮಾಡಿಕೊಳ್ಳಬೇಡಿ, ಯೋಚಿಸಿ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಭಾರವನ್ನು ಕರ್ತನ ಮೇಲೆ ಹಾಕು ಎಂಬ ಮಾತು. ಅದು 55ನೇ ಕೀರ್ತನೆಯ 22ನೇ ವಚನ. ಕ್ಯಾಲೆಂಡರಿನಲ್ಲಿ, ಗೋಡೆಯ ಮೇಲೆ ಆ ಒಂದು ಸಾಲು ಮಾತ್ರ ಇರುತ್ತದೆ. ಹತ್ತು ವಚನ ಹಿಂದೆ ಹೋಗಿ. ಅಲ್ಲಿ ದಾವೀದ ಹೇಳುತ್ತಾನೆ, ನನ್ನನ್ನು ನಿಂದಿಸಿದವನು ಶತ್ರುವಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನೀನು ನನ್ನ ಆಪ್ತ ಗೆಳೆಯ, ನಾವಿಬ್ಬರೂ ಜೊತೆಯಾಗಿ ದೇವರ ಮನೆಗೆ ಹೋಗುತ್ತಿದ್ದೆವಲ್ಲಾ ಎಂದು. ಅಂದರೆ ಆ ಕೀರ್ತನೆ ಹುಟ್ಟಿದ್ದೇ ನಿಮಗೆ ಆದಂಥ ನೋವಿನಿಂದ. ಜೊತೆಯಲ್ಲಿ ಪ್ರಾರ್ಥನೆಗೆ ಹೋಗುತ್ತಿದ್ದವರೇ ನಂಬಿಕೆ ಮುರಿದ ಮೇಲೆ ಬಂದ ಮಾತು ಅದು. ಆದರೂ ದಾವೀದ ಗೆಳೆಯರೇ ಬೇಡ ಎನ್ನಲಿಲ್ಲ. ತನ್ನ ಮೇಲೆ ದಂಗೆ ಎದ್ದ ಮಗ ಅಬ್ಷಾಲೋಮನಿಂದ ಓಡಿಹೋಗುವಾಗ ಗಿತ್ತೀಯನಾದ ಇತ್ತೈ ಎಂಬ ಪರದೇಶಿ ಜೊತೆಗೆ ಹೊರಟು ನಿಂತ. ನೀನು ಹೊಸಬ, ವಾಪಸ್ ಹೋಗು ಎಂದರೂ ಅವನು ಹೋಗಲಿಲ್ಲ. ದಾವೀದ ಅವನನ್ನು ಜೊತೆಗೆ ಕರೆದುಕೊಂಡ.

ಯೇಸು ಸ್ವಾಮಿಯೂ ಕೇಳಿದ್ದಾರೆ. ಗೆತ್ಸೇಮನೆಯಲ್ಲಿ ಪೇತ್ರ, ಯಾಕೋಬ, ಯೋಹಾನ ಮೂವರನ್ನು ಹತ್ತಿರ ಕರೆದು, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ, ಇಲ್ಲೇ ಇದ್ದು ನನ್ನ ಜೊತೆ ಎಚ್ಚರವಾಗಿರಿ ಎಂದರು. ತಂದೆಯ ಹತ್ತಿರ ಪ್ರಾರ್ಥಿಸಲು ಹೊರಟಿದ್ದವರೇ ಹಾಗೆ ಕೇಳಿದರು. ಒಂದು ಕೇಳಿದರೆ ಇನ್ನೊಂದು ಬೇಡ ಎಂದು ಅವರಿಗೆ ಅನ್ನಿಸಲಿಲ್ಲ. ಆ ಮೂವರೂ ನಿದ್ದೆ ಹೋದರು, ಒಮ್ಮೆ ಅಲ್ಲ, ಮೂರು ಸಲ. ಆದರೂ ಮೂರು ಸಲವೂ ಅವರ ಹತ್ತಿರವೇ ವಾಪಸ್ ಬಂದರು. ಮರುದಿನ ಶಿಲುಬೆ ಹೊತ್ತದ್ದು ಆ ಮೂವರಲ್ಲಿ ಒಬ್ಬನೂ ಅಲ್ಲ. ಹಳ್ಳಿಯಿಂದ ಬರುತ್ತಿದ್ದ ಕುರೇನ್ಯದ ಸೀಮೋನ. ಯಾರಿಂದ ನಿರೀಕ್ಷೆ ಇತ್ತೋ ಅವರು ಮಲಗಿದ್ದರು, ಹೆಸರೇ ಗೊತ್ತಿಲ್ಲದವನು ಬಂದು ಹೆಗಲು ಕೊಟ್ಟ.

ಪೌಲನ ಒಂದು ಸಾಲು ಹೇಳದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಎರಡನೇ ಕೊರಿಂಥದ 7ನೇ ಅಧ್ಯಾಯದಲ್ಲಿ, ನಾವು ಹೊರಗೆ ಜಗಳ, ಒಳಗೆ ಭಯ ಎಂಬ ಸ್ಥಿತಿಯಲ್ಲಿದ್ದೆವು ಎನ್ನುತ್ತಾನೆ. ಆಗ ಕುಗ್ಗಿದವರನ್ನು ಸಂತೈಸುವ ದೇವರು ನಮ್ಮನ್ನು ಸಂತೈಸಿದನು. ಹೇಗೆ? ಜೊತೆ ಸೇವಕನಾದ ತೀತನು ಬಂದದ್ದರಿಂದ. ದರ್ಶನ ಇಲ್ಲ, ಆಕಾಶದಿಂದ ಧ್ವನಿ ಇಲ್ಲ. ತೀತ ಬಂದ. ಪೌಲ ಅದನ್ನೇ ದೇವರ ಸಂತೈಸುವಿಕೆ ಎಂದು ಬರೆದ.

ಇದು ನನಗೆ ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. 14 ವರ್ಷದ ಹಿಂದೆ ನನ್ನ ಹೆಂಡತಿಗೆ ದೊಡ್ಡ ಕಾಯಿಲೆ ಬಂತು. ವಾರಕ್ಕೊಮ್ಮೆ ಮಡಿಕೇರಿಯಿಂದ ಮೈಸೂರಿಗೆ ಚಿಕಿತ್ಸೆಗೆ ಹೋಗಬೇಕಿತ್ತು. ನಾನು ಸಭೆಯಲ್ಲಿ ಯಾರಿಗೂ ಹೇಳಲಿಲ್ಲ. ಸಭಾಪಾಲಕನೇ ಕುಗ್ಗಿದರೆ ಜನರ ಗತಿ ಏನು ಎಂದುಕೊಂಡೆ. ಭಾನುವಾರ ಪ್ರಸಂಗ, ಸೋಮವಾರ ಬೆಳಗಿನ ಬಸ್ಸು. ಹೀಗೆ ನಾಲ್ಕು ತಿಂಗಳು ಹೋಯಿತು. ಒಂದು ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಸಭೆಯ ಹಿರಿಯರೊಬ್ಬರು ಫ್ಲಾಸ್ಕ್ ಹಿಡಿದು ನಿಂತಿದ್ದರು. ತೋಟದಲ್ಲಿ ಮೇಸ್ತ್ರಿಯಾಗಿ ನಿವೃತ್ತಿಯಾದವರು. ‘ನಾನೂ ಮೈಸೂರಿಗೆ ಬರ್ತೇನೆ ಅಯ್ಯನವರೇ’ ಎಂದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕುಶಾಲನಗರ ದಾಟುವವರೆಗೆ ಒಂದು ಮಾತಿಲ್ಲ. ಆಮೇಲೆ ಫ್ಲಾಸ್ಕ್ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಮೊದಲು ನನ್ನ ಹೆಂಡತಿಗೆ ಕೊಟ್ಟರು. ಆಸ್ಪತ್ರೆಯಲ್ಲಿ ಚೀಟಿ ನನ್ನ ಕೈಯಿಂದ ತೆಗೆದುಕೊಂಡು ಬಿಲ್ ಕೌಂಟರಿನ ಕ್ಯೂನಲ್ಲಿ ನಿಂತರು. ಮುಕ್ಕಾಲು ಗಂಟೆಯ ಕ್ಯೂ. ಆ ಮುಕ್ಕಾಲು ಗಂಟೆ ನಾನು ಹೆಂಡತಿಯ ಪಕ್ಕ ಕೂತಿದ್ದೆ. ನಾಲ್ಕು ತಿಂಗಳಲ್ಲಿ ಅವಳು ಒಳಗೆ ಹೋಗುವ ಮೊದಲು ಅವಳ ಕೈ ಹಿಡಿದು ಕೂರಲು ಸಿಕ್ಕ ಮೊದಲ ಸಲ ಅದು. ವಾಪಸ್ ಬರುವಾಗ ಅವರು ಕೇಳಿದರು, ‘ನಮ್ಮ ಭಾರ ಎಲ್ಲ ನಿಮ್ಮ ಹತ್ರ ಹೇಳ್ತೇವೆ. ನಿಮ್ದು ಯಾರ ಹತ್ರ ಹೇಳ್ತೀರಿ?’ ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ನಾನು ಅತ್ತೆ. ಅವರು ಕಿಟಕಿ ಹೊರಗೆ ನೋಡುತ್ತಾ ಕೂತಿದ್ದರು.

ಹಾಗಾದರೆ ಯಾವುದನ್ನು ಹಂಚಿಕೊಳ್ಳಬೇಕು, ಯಾವುದು ನಮ್ಮದೇ? ಗಲಾತ್ಯದ 6ನೇ ಅಧ್ಯಾಯ ಓದಿದಾಗ ಎಷ್ಟೋ ಜನ ಇಲ್ಲಿ ತಡವರಿಸುತ್ತಾರೆ. 2ನೇ ವಚನದಲ್ಲಿ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಿರಿ ಎಂದಿದೆ. 5ನೇ ವಚನದಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎಂದಿದೆ. ಪೌಲ ಮೂರೇ ಸಾಲಿನಲ್ಲಿ ಮಾತು ಬದಲಿಸಿದನೇ? ಇಲ್ಲ. ಗ್ರೀಕಿನಲ್ಲಿ ಅವು ಎರಡು ಬೇರೆ ಪದಗಳು. ಮೊದಲನೆಯದು ಬಾರೋಸ್, ಜಜ್ಜುವಂಥ ಭಾರ. ಎರಡನೆಯದು ಫೋರ್ಟಿಯೊನ್, ಒಬ್ಬೊಬ್ಬರ ಪಾಲಿಗೆ ಬಂದ ಹೊರೆ. ನನ್ನ ಹೊರೆ ಹಗುರ ಎಂದು ಯೇಸು ಸ್ವಾಮಿ ಹೇಳಿದಾಗ ಮತ್ತಾಯ ಬಳಸಿದ್ದೂ ಈ ಎರಡನೇ ಪದವನ್ನೇ.

ಕಾಫಿ ಕೊಯ್ಲಿನ ಸಂಜೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದಿನವಿಡೀ ಕೊಯ್ದ ಹಣ್ಣು ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತೀರಿ. ಹಸಿ ಹಣ್ಣಿನ ಚೀಲ ಅಂದರೆ ಕಲ್ಲು. ಹಳೇ ಸೀರೆ ತುಂಡನ್ನು ಸುತ್ತಿ ಸಿಂಬೆ ಮಾಡಿ ತಲೆ ಮೇಲೆ ಇಡುತ್ತೀರಿ. ಆಮೇಲೆ ಏನು ಮಾಡುತ್ತೀರಿ? ಪಕ್ಕದ ಸಾಲಿನವರನ್ನು ಕೂಗುತ್ತೀರಿ. ಅವರು ಬಂದು ಚೀಲದ ಆ ಕಡೆಯ ಎರಡು ಮೂಲೆ ಹಿಡಿದು ಎತ್ತಿ ತಲೆಗೆ ಹೊರಿಸುತ್ತಾರೆ. ಅಲ್ಲಿಂದ ಕಣದವರೆಗೆ ನಡೆಯುವವರು ನೀವೇ. ಕಣದಲ್ಲಿ ಇಳಿಸಲು ಮತ್ತೊಬ್ಬರ ಕೈ ಬೇಕು. ಎಷ್ಟೇ ಗಟ್ಟಿ ಹೆಂಗಸಾದರೂ ತುಂಬಿದ ಚೀಲವನ್ನು ಒಬ್ಬಳೇ ತಲೆಗೆ ಏರಿಸಿಕೊಂಡದ್ದನ್ನು ನಾನು ನೋಡಿಲ್ಲ. ಹೊರಿಸಲು ಕರೆದದ್ದಕ್ಕೆ ಯಾರೂ ಅವಳನ್ನು ಸೋಮಾರಿ ಅನ್ನುವುದಿಲ್ಲ.

ನಿಮ್ಮ ಯಜಮಾನರ ಹೆಂಡತಿಯಾಗಿರುವುದು, ಮಗಳ ತಾಯಿಯಾಗಿರುವುದು, ಮನೆಯ ತೀರ್ಮಾನಗಳು, ನಿಮ್ಮ ಪ್ರಾರ್ಥನೆ, ಇವು ನಿಮ್ಮ ಹೊರೆ. ಅದನ್ನು ಬೇರೆಯವರು ಹೊರಲಾರರು, ಹೊರಲೂಬಾರದು. ಯಜಮಾನರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ವ್ಯಾಯಾಮ ಮಾಡಿಸುವುದು, ಅತ್ತೆಯನ್ನು ನೋಡಿಕೊಳ್ಳುವುದು, ಕೊಯ್ಲು, ಸಾಲದ ಕಾಗದ, ರಾತ್ರಿಯ ಎಚ್ಚರ, ಇಷ್ಟನ್ನೂ ಒಬ್ಬರೇ ಮಾಡುವುದು ಜಜ್ಜುವ ಭಾರ. ಇದನ್ನು ಹಂಚಬೇಕು.

ಈಗ ನಂಬಿಕೆ ಮುರಿದ ಆ ಅಕ್ಕನ ವಿಷಯ. ಅವರು ಮಾಡಿದ್ದು ತಪ್ಪು. ಪ್ರಾರ್ಥನೆಯ ಹೆಸರಿನಲ್ಲಿ ಮಾಡಿದರೂ ತಪ್ಪೇ. ನಮ್ಮ ಸಭೆಗಳಲ್ಲಿ ಈ ಅಭ್ಯಾಸ ಜಾಸ್ತಿಯಾಗಿದೆ. ಒಬ್ಬರ ಮನೆಯ ಗುಟ್ಟನ್ನು ಪ್ರಾರ್ಥನೆಯ ವಿಷಯ ಎಂದು ಹತ್ತು ಜನರ ಮುಂದೆ ಇಡುತ್ತೇವೆ, ಈಗ ವಾಟ್ಸ್ಆ್ಯಪ್ ಗುಂಪಿಗೂ ಹಾಕುತ್ತೇವೆ. ಅವರ ಒಪ್ಪಿಗೆ ಕೇಳಿದೆವಾ? ದೇವರಿಗೆ ಹೆಸರು, ಊರು, ಸಾಲದ ಮೊತ್ತ ಎಲ್ಲ ಮೊದಲೇ ಗೊತ್ತು. ಹೆಸರು ಹೇಳುವುದು ದೇವರಿಗಾಗಿ ಅಲ್ಲ, ಪಕ್ಕದಲ್ಲಿ ಕೂತವರಿಗಾಗಿ. ಕೂಟ ನಡೆಸುವವರು ಇದನ್ನು ಓದುತ್ತಿದ್ದರೆ ಅವರಿಗೆ ಕೈ ಮುಗಿದು ಕೇಳುತ್ತೇನೆ: ಸಂಬಂಧಪಟ್ಟವರ ಒಪ್ಪಿಗೆ ಇಲ್ಲದೆ ಒಂದು ಹೆಸರನ್ನೂ ಹೇಳಬೇಡಿ. ನಿಮ್ಮ ಒಂದು ಸಾಲಿನ ಪ್ರಾರ್ಥನೆಯಿಂದ ಒಬ್ಬ ತಾಯಿ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದಾಳೆ.

ಆ ಅಕ್ಕನ ಹತ್ತಿರ ಒಮ್ಮೆ ಒಬ್ಬರೇ ಹೋಗಿ ಮಾತಾಡಿ. ಮತ್ತಾಯ 18ರಲ್ಲಿ ಸ್ವಾಮಿ ಹೇಳಿದ ಕ್ರಮ ಅದೇ, ಮೊದಲು ಇಬ್ಬರೇ ಇರುವಾಗ. ‘ಅಕ್ಕ, ನೀವು ಒಳ್ಳೇದಕ್ಕೇ ಮಾಡಿದ್ದಿರಬಹುದು, ಆದರೆ ನನಗೆ ತುಂಬಾ ನೋವಾಯಿತು’ ಎನ್ನಿ. ಕ್ಷಮಿಸಿ. ಆದರೆ ಕ್ಷಮಿಸುವುದೂ ಮತ್ತೆ ಗುಟ್ಟು ಹೇಳುವುದೂ ಒಂದೇ ಅಲ್ಲ. ಅವರ ಜೊತೆ ಹಾಡಿ, ಪ್ರಾರ್ಥಿಸಿ, ಊಟ ಮಾಡಿ. ಸಾಲದ ಲೆಕ್ಕ ಮಾತ್ರ ಅವರಿಗೆ ಬೇಡ.

ಮತ್ತೆ ಯಾರಿಗೆ ಹೇಳಬೇಕು? ಒಂದು ಸುಲಭದ ಗುರುತಿದೆ. ಬೇರೆಯವರ ಮನೆಯ ವಿಷಯ ನಿಮ್ಮ ಹತ್ತಿರ ತಂದು ಹೇಳುವವರು ನಿಮ್ಮದನ್ನೂ ಒಯ್ಯುತ್ತಾರೆ. ನಿಮ್ಮೆದುರು ಯಾರ ಗುಟ್ಟನ್ನೂ ಬಿಚ್ಚದವರನ್ನು ನೆನಪು ಮಾಡಿಕೊಳ್ಳಿ. ಅಂಥವರು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಇರುವುದು ಕಮ್ಮಿ. ಪ್ರಾರ್ಥನೆ ಚೆನ್ನಾಗಿ ಮಾಡುತ್ತಾರೆ ಎಂಬುದು ಗುರುತಲ್ಲ. ಮೊದಲ ಸಲ ಒಂದು ಸಣ್ಣ ವಿಷಯ ಹೇಳಿ ನೋಡಿ. ಒಂದು ತಿಂಗಳಾದರೂ ಅದು ಬೇರೆ ಬಾಯಿಂದ ಕೇಳಿ ಬರದಿದ್ದರೆ ಆಮೇಲೆ ದೊಡ್ಡದು ಹೇಳಿ. ಹೇಳುವ ಮೊದಲೇ ನೇರವಾಗಿ, ‘ಇದು ನಮ್ಮಿಬ್ಬರಲ್ಲೇ ಇರಲಿ, ಪ್ರಾರ್ಥನೆಯಲ್ಲೂ ಹೆಸರು ಬೇಡ’ ಎನ್ನಿ. ಹಾಗೆ ಹೇಳಲು ಸಂಕೋಚ ಬೇಡ.

ಒಬ್ಬರ ಮೇಲೇ ಎಲ್ಲವನ್ನೂ ಹಾಕಬೇಡಿ. ಅಮಾಲೇಕ್ಯರೊಡನೆ ಯುದ್ಧವಾದ ದಿನ ಮೋಶೆಯ ಕೈ ಸೋತಾಗ ಒಂದು ಕಡೆ ಆರೋನ, ಇನ್ನೊಂದು ಕಡೆ ಹೂರ ನಿಂತು ಹೊತ್ತು ಮುಳುಗುವವರೆಗೆ ಎತ್ತಿ ಹಿಡಿದರು. ಅದಕ್ಕೂ ಮೊದಲು ಒಂದು ಕಲ್ಲು ತಂದು ಅವನನ್ನು ಕೂರಿಸಿದರು. ಒಬ್ಬನೇ ಹಿಡಿದಿದ್ದರೆ ಅವನ ಕೈಯೂ ಸೋಲುತ್ತಿತ್ತು. ನಿಮಗೂ ಇಬ್ಬರು ಮೂವರು ಬೇಕು. ಒಬ್ಬರು ಮಾತು ಕೇಳಲು, ಒಬ್ಬರು ಮನೆಗೆಲಸಕ್ಕೆ, ಒಬ್ಬರು ಕಾಗದ ಪತ್ರಕ್ಕೆ. ಮಗಳನ್ನು ಈ ಪಟ್ಟಿಗೆ ಸೇರಿಸಬೇಡಿ, ದಯವಿಟ್ಟು. ಮನೆಯ ಕಷ್ಟ ಅವಳಿಗೆ ಗೊತ್ತಿರಲಿ, ಆದರೆ ನಿಮ್ಮ ರಾತ್ರಿಯ ಅಳುವನ್ನು ಹೊರುವ ವಯಸ್ಸು ಅವಳದಲ್ಲ.

ಕೇಳುವಾಗ ಸಣ್ಣದಾಗಿ, ಸ್ಪಷ್ಟವಾಗಿ ಕೇಳಿ. ‘ನಮಗಾಗಿ ಪ್ರಾರ್ಥಿಸಿ’ ಎಂದರೆ ಜನ ಆಗಲಿ ಎಂದು ಹೊರಟುಹೋಗುತ್ತಾರೆ. ಅವರಿಗೆ ಮನಸ್ಸಿಲ್ಲ ಎಂದಲ್ಲ, ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಪೌಲ ಸೆರೆಮನೆಯಿಂದ ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆ ಓದಿ. ದೇಮನು ನನ್ನನ್ನು ಬಿಟ್ಟುಹೋದ, ಲೂಕ ಒಬ್ಬನೇ ಇದ್ದಾನೆ, ಮಾರ್ಕನನ್ನು ಕರೆದುಕೊಂಡು ಬಾ. ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟುಬಂದ ಮೇಲಂಗಿ ತಾ, ಪುಸ್ತಕ ತಾ. ಚಳಿಗಾಲಕ್ಕೆ ಮೊದಲು ಬರಲು ನೋಡು. ಅಷ್ಟು ದೊಡ್ಡ ಅಪೊಸ್ತಲ, ಚಳಿಗೆ ಕಂಬಳಿ ಕೇಳಿದ ಹಾಗೆ ಮೇಲಂಗಿ ಕೇಳುತ್ತಾನೆ. ಯಾವ ಊರು, ಯಾರ ಮನೆ, ಎಷ್ಟರೊಳಗೆ, ಎಲ್ಲ ಹೇಳುತ್ತಾನೆ. ಅಂದಹಾಗೆ ಆ ಮಾರ್ಕ ಹಿಂದೊಮ್ಮೆ ಪ್ರಯಾಣದ ನಡುವೆ ಪೌಲನನ್ನು ಬಿಟ್ಟು ಹೋಗಿದ್ದವನು.

ಸಾಲದ ವಿಷಯದಲ್ಲಿ ಒಂದು ಎಚ್ಚರಿಕೆ. ಮನಸ್ಸಿನ ಭಾರ ಹೇಳಿಕೊಳ್ಳುವವರ ಹತ್ತಿರ ಕೈಸಾಲ ಕೇಳಬೇಡಿ. ದುಡ್ಡು ನಡುವೆ ಬಂದರೆ ಆ ಸ್ನೇಹವೂ ಭಾರವಾಗುತ್ತದೆ. ಲೆಕ್ಕ ಗೊತ್ತಿರುವ ಒಬ್ಬರನ್ನು ಕರೆದುಕೊಂಡು ಸೊಸೈಟಿಗೆ ಹೋಗಿ ಕಂತಿಗೆ ಸಮಯ ಕೇಳಿ. ಯಜಮಾನರಿಗೆ ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿದ್ದೀರಾ? ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ನ್ಯೂನತೆ ಎಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳಿ. ಇಂಥ ಸಹಾಯ ಪಡೆಯುವುದೂ ನಂಬಿಕೆಗೆ ವಿರುದ್ಧ ಅಲ್ಲ.

ಯಜಮಾನರನ್ನೂ ಮರೆಯಬೇಡಿ. ಅವರಿಗೂ ಗೆಳೆಯರು ಬೇಕು. ಕಾಯಿಲೆ ಬಿದ್ದ ಗಂಡಸರ ಮನೆಗೆ ಮೊದಲ ತಿಂಗಳು ಜನ ಬರುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ. ಮಾತು ತೊದಲುವುದರಿಂದ ಬಂದವರಿಗೆ ಮುಜುಗರ. ತೋಟದ ಹಳೇ ಗೆಳೆಯರೊಬ್ಬರಿಗೆ ಹೇಳಿ ಕಳಿಸಿ, ವಾರಕ್ಕೊಮ್ಮೆ ಬಂದು ಸುಮ್ನೆ ಕೂತಿರಲಿ. ಕಾಫಿ ರೇಟು, ಮಳೆ, ಆನೆ ಬಂದದ್ದು, ಅಷ್ಟು ಮಾತು ಸಾಕು. ಯೋಬನ ಗೆಳೆಯರು ಅವನ ಜೊತೆ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರ ಶಿಬಿರಕ್ಕೆ ಹೋದಾಗ ನಾನು ವಚನಗಳನ್ನು ಗುರುತು ಹಾಕಿಕೊಂಡು ಹೋಗಿದ್ದೆ. ಅಲ್ಲಿ ಒಬ್ಬ ಅಜ್ಜಿಯ ಹತ್ತಿರ ಇನ್ನೊಬ್ಬ ಅಜ್ಜಿ ಅವರ ಒದ್ದೆ ಕೂದಲನ್ನು ಟವೆಲಿನಿಂದ ಒರೆಸುತ್ತಾ ಕೂತಿದ್ದರು. ನಾನು ಪುಸ್ತಕ ಮುಚ್ಚಿ ಟೀ ಹಂಚಲು ಹೋದೆ.

ನೆರೆಯ ಅಕ್ಕ ನಮ್ಮ ಸಭೆಯವರಲ್ಲ ಎಂದು ಬರೆದಿದ್ದೀರಿ. ಅದರಲ್ಲೇನಿದೆ? ಎಬೆದ್ಮೆಲೆಕ ಕೂಷ್ಯ, ಇತ್ತೈ ಗಿತ್ತೀಯ. ನಮ್ಮ ಕೊಡಗಿನ ಕ್ರೈಸ್ತರ ಕಥೆಯೇ ಇದನ್ನು ಹೇಳುತ್ತದೆ. 1792ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ವಿರಾಜಪೇಟೆಯಲ್ಲಿ ನೆಲೆ ಕೊಟ್ಟವರು ದೊಡ್ಡ ವೀರರಾಜೇಂದ್ರ, ಲಿಂಗಾಯತ ಅರಸರು. ಇವತ್ತಿಗೂ ಅಲ್ಲಿ ಸಂತ ಅನ್ನಮ್ಮನವರ ದೇವಾಲಯ ಇದೆ. ಓಡಿಬಂದ ಆ ಜನ ‘ಬೇಡ, ದೇವರಿದ್ದಾನೆ’ ಎಂದಿದ್ದರೆ ಎಲ್ಲಿಗೆ ಹೋಗುತ್ತಿದ್ದರು?

ದೇವರಿದ್ದಾನೆ ಎಂಬ ನಿಮ್ಮ ಮಾತು ನಿಜ. ಅದರ ಹಿಂದಿನ ‘ಏನೂ ಬೇಡ’ ಎಂಬ ಮಾತು ನಿಜ ಅಲ್ಲ, ಅದು ನಿಮಗೂ ಗೊತ್ತು. ಅಷ್ಟನ್ನು ಬಿಟ್ಟುಬಿಡಿ. ಮುಂದಿನ ಸಲ ಅವರು ಬೇಲಿ ಹತ್ತಿರ ಬಂದು ಕೇಳಿದಾಗ ಹೀಗೆ ಹೇಳಿ: ‘ಹೌದು ಅಕ್ಕ, ಬೇಕು. ಮಂಗಳವಾರ ನಾನು ಮಡಿಕೇರಿ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ನಮ್ಮ ಮನೆಯಲ್ಲಿ ಇರ್ತೀರಾ?’